104 ಗೆದ್ದರೂ ಸರ್ಕಾರ ಇಲ್ಲ, 37 ಗೆದ್ದವರು ಮುಖ್ಯಮಂತ್ರಿ: ಸಂಸದೀಯ ಗಣರಾಜ್ಯ ನಡೆಯುವ ಬಗೆ

2018ರ ಮೇ 15ರ ಸಂಜೆ ಕರ್ನಾಟಕದ ಲೆಕ್ಕ ಹೀಗಿತ್ತು. ಮತದಾನ ನಡೆದಿದ್ದ 222 ಕ್ಷೇತ್ರಗಳಲ್ಲಿ ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಎರಡು ದಿನ ಕಳೆದ ಮೇಲೆ 104 ಸೀಟಿನ ಪಕ್ಷದ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಮತ್ತೆರಡು ದಿನಕ್ಕೆ ರಾಜೀನಾಮೆ ಕೊಟ್ಟರು. 23ನೇ ತಾರೀಕು 37 ಸೀಟಿನ ಪಕ್ಷದ ಎಚ್.ಡಿ. ಕುಮಾರಸ್ವಾಮಿ ಆ ಕುರ್ಚಿಯಲ್ಲಿ ಕೂತರು.

ಒಬ್ಬರಿಗೆ ಅನ್ಯಾಯ ಅನಿಸಿತು, ಇನ್ನೊಬ್ಬರಿಗೆ ನ್ಯಾಯ ಅನಿಸಿತು. ಆದರೆ ಬಹಳ ಜನರಿಗೆ ಗೊಂದಲವಾಗಿದ್ದು ಬೇರೆ ವಿಷಯಕ್ಕೆ. ನಾವು ಓಟು ಹಾಕಿದ್ದು ಯಾರಿಗೆ? ಸರ್ಕಾರ ಮಾಡಿದ್ದು ಯಾರು? ನಡುವೆ ರಾಜ್ಯಪಾಲರು ಎಲ್ಲಿಂದ ಬಂದರು? ಮಧ್ಯರಾತ್ರಿ ಸುಪ್ರೀಂ ಕೋರ್ಟ್ ಕೂತು ವಿಚಾರಣೆ ಮಾಡುವಂಥದ್ದು ಏನಿತ್ತು?

ಈ ಪ್ರಶ್ನೆಗಳೆಲ್ಲ ಒಂದೇ ಕಡೆ ಹೋಗಿ ನಿಲ್ಲುತ್ತವೆ. ನಮ್ಮದು ಸಂಸದೀಯ ಗಣರಾಜ್ಯ. ಜರ್ಮನಿ, ಇಟಲಿ, ಐರ್ಲೆಂಡ್, ನೇಪಾಳ, ಬಾಂಗ್ಲಾದೇಶ ಕೂಡ ಇದೇ ದಾರಿ ಹಿಡಿದ ದೇಶಗಳು. ಇದು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಬುಡದಿಂದ ನೋಡೋಣ.

ಮತಯಂತ್ರದಲ್ಲಿ ಪ್ರಧಾನಿಯ ಬಟನ್ ಇಲ್ಲ

ಗ್ರಾಮ ಪಂಚಾಯಿತಿ ಚುನಾವಣೆ ನೋಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಊರಿನವರು ತಮ್ಮ ತಮ್ಮ ವಾರ್ಡಿನ ಸದಸ್ಯರನ್ನು ಆರಿಸುತ್ತಾರೆ. ಅಧ್ಯಕ್ಷರನ್ನು ಆರಿಸುವುದು ಆ ಸದಸ್ಯರು. ಸದಸ್ಯರಿಗೆ ಅಧ್ಯಕ್ಷರ ಮೇಲೆ ನಂಬಿಕೆ ಹೋದರೆ ಅವಿಶ್ವಾಸ ತಂದು ಇಳಿಸುತ್ತಾರೆ. ಅದಕ್ಕಾಗಿ ಊರಿನವರು ಮತ್ತೆ ಸಾಲಲ್ಲಿ ನಿಂತು ಓಟು ಹಾಕಬೇಕಿಲ್ಲ.

ಸಂಸದೀಯ ಪದ್ಧತಿಯ ಎಲುಬು ಇಷ್ಟೇ. ಲೋಕಸಭೆ ಚುನಾವಣೆಯಲ್ಲಿ ನಾವು ನಮ್ಮ ಕ್ಷೇತ್ರದ ಒಬ್ಬ ಸಂಸದರನ್ನು ಆರಿಸುತ್ತೇವೆ. ಪ್ರಚಾರದ ತುಂಬಾ ಪ್ರಧಾನಿ ಅಭ್ಯರ್ಥಿಯ ಮುಖವೇ ಕಂಡರೂ, ಅವರು ನಿಂತ ಕ್ಷೇತ್ರದ ಹೊರಗೆ ಯಾವ ಮತಯಂತ್ರದಲ್ಲೂ ಅವರ ಹೆಸರು ಇರುವುದಿಲ್ಲ. ಗೆದ್ದ 543 ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದರೆ ಕನಿಷ್ಠ 272 ಮಂದಿ, ಯಾರ ಬೆನ್ನಿಗೆ ನಿಲ್ಲುತ್ತಾರೋ ಅವರು ಪ್ರಧಾನಿ. ಆ 272 ಮಂದಿ ಒಂದೇ ಪಕ್ಷದವರಾಗಿರಬೇಕು ಎಂದು ಎಲ್ಲೂ ಬರೆದಿಲ್ಲ. ಚುನಾವಣೆಗೆ ಮೊದಲೇ ಮೈತ್ರಿ ಮಾಡಿಕೊಂಡಿರಬೇಕು ಎಂದೂ ಇಲ್ಲ.

ಹಾಗಾಗಿ 2018ರಲ್ಲಿ ನಿಜವಾದ ಪ್ರಶ್ನೆ ಅತಿ ದೊಡ್ಡ ಪಕ್ಷ ಯಾವುದು ಎಂಬುದಾಗಿರಲಿಲ್ಲ. 222ರಲ್ಲಿ 112 ಯಾರ ಹತ್ತಿರ ಇದೆ ಎಂಬುದಾಗಿತ್ತು. 104 ಇದ್ದವರಿಗೆ ಎಂಟು ಕಡಿಮೆ. 78 ಮತ್ತು 37 ಸೇರಿದರೆ 115.

ಅಮೆರಿಕದ ಪದ್ಧತಿಯನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿ ಅಧ್ಯಕ್ಷರಿಗೆ ಬೇರೆ ಚುನಾವಣೆ, ಸಂಸತ್ತಿಗೆ ಬೇರೆ ಚುನಾವಣೆ. ಅಧ್ಯಕ್ಷರ ಪಕ್ಷಕ್ಕೆ ಸಂಸತ್ತಿನಲ್ಲಿ ಬಹುಮತ ಇಲ್ಲದಿದ್ದರೂ ಅವರು ನಾಲ್ಕು ವರ್ಷ ಆರಾಮಾಗಿ ಕೂರುತ್ತಾರೆ. ಅವರನ್ನು ತೆಗೆಯಲು ಇರುವುದು ಮಹಾಭಿಯೋಗ ಒಂದೇ. ಅದಕ್ಕೆ ಅಪರಾಧದ ಆರೋಪ ಬೇಕು, ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು. ಇವತ್ತಿನವರೆಗೆ ಯಾವ ಅಧ್ಯಕ್ಷರೂ ಆ ದಾರಿಯಲ್ಲಿ ಪದವಿ ಕಳೆದುಕೊಂಡಿಲ್ಲ. ನಮ್ಮಲ್ಲಿ ಪ್ರಧಾನಿಯನ್ನು ಇಳಿಸಲು ಅಪರಾಧವೇ ಬೇಕಾಗಿಲ್ಲ. "ನಿಮ್ಮ ಮೇಲೆ ನಮಗೆ ವಿಶ್ವಾಸ ಇಲ್ಲ" ಎಂದು ಸದನ ಹೇಳಿದರೆ ಸಾಕು.

ಇನ್ನೊಂದು ವ್ಯತ್ಯಾಸವೂ ಇದೆ. ಅಮೆರಿಕದಲ್ಲಿ ಸಂಸತ್ತಿನ ಸದಸ್ಯರು ಮಂತ್ರಿಯಾಗುವಂತಿಲ್ಲ. ನಮ್ಮಲ್ಲಿ ಮಂತ್ರಿಯಾದವರು ಸಂಸತ್ತಿನ ಸದಸ್ಯರಾಗಿರಲೇಬೇಕು. ಮೊದಲೇ ಆಗಿರದಿದ್ದರೆ ಆರು ತಿಂಗಳೊಳಗೆ ಆಗಬೇಕು. ಕಾರಣ ಸರಳ. ಸದನಕ್ಕೆ ಉತ್ತರ ಕೊಡಬೇಕಾದವರು ಸದನದಲ್ಲಿ ಕೈಗೆ ಸಿಗಬೇಕಲ್ವಾ?

ಹಾಗಾದರೆ "ಗಣರಾಜ್ಯ" ಯಾಕೆ ಬೇಕು?

ಬ್ರಿಟನ್‌ನಲ್ಲೂ ಪ್ರಧಾನಿ ಇದ್ದಾರೆ, ಸಂಸತ್ತು ಇದೆ, ಅವಿಶ್ವಾಸ ನಿರ್ಣಯ ಇದೆ. ಆದರೆ ಅದು ಗಣರಾಜ್ಯ ಅಲ್ಲ. ಅಲ್ಲಿ ದೇಶದ ಮುಖ್ಯಸ್ಥರು ರಾಜ. ಆ ಪದವಿ ಹುಟ್ಟಿನಿಂದ ಬರುತ್ತದೆ. ಗಣರಾಜ್ಯದಲ್ಲಿ ಆ ಜಾಗಕ್ಕೂ ಆಯ್ಕೆ ನಡೆಯುತ್ತದೆ, ಅವಧಿ ಇರುತ್ತದೆ, ಅವಧಿ ಮುಗಿದ ಮೇಲೆ ಮನೆಗೆ ಹೋಗಬೇಕಾಗುತ್ತದೆ.

ನಾವು ಈ ಎರಡನ್ನೂ ಕಂಡವರೇ. 1947ರ ಆಗಸ್ಟ್ 15ರಿಂದ 1950ರ ಜನವರಿ 25ರವರೆಗೆ ಭಾರತ ಸ್ವತಂತ್ರವಾಗಿತ್ತು, ನೆಹರು ಪ್ರಧಾನಿಯಾಗಿದ್ದರು. ಆದರೆ ಕಾಗದದ ಮೇಲೆ ದೇಶದ ಮುಖ್ಯಸ್ಥ ಬ್ರಿಟನ್ನಿನ ದೊರೆ ಆರನೇ ಜಾರ್ಜ್. ಅವರ ಪರವಾಗಿ ದೆಹಲಿಯಲ್ಲಿ ಮೊದಲು ಮೌಂಟ್‌ಬ್ಯಾಟನ್, ಆಮೇಲೆ ಸಿ. ರಾಜಗೋಪಾಲಾಚಾರಿ ಗವರ್ನರ್ ಜನರಲ್ ಆಗಿದ್ದರು. ಜನವರಿ 26ರಂದು ರಾಜೇಂದ್ರ ಪ್ರಸಾದ್ ರಾಷ್ಟ್ರಪತಿಯಾದರು. ಪ್ರಧಾನಿ ಮಾತ್ರ ಅವತ್ತೂ ನೆಹರುವೇ.

ಈಚಿನ ಉದಾಹರಣೆ ಕೆರಿಬಿಯನ್ ದ್ವೀಪ ಬಾರ್ಬಡೋಸ್. 2021ರ ನವೆಂಬರ್ 30ರಂದು ಅದು ಬ್ರಿಟನ್ ರಾಣಿಯನ್ನು ಬಿಟ್ಟು ಗಣರಾಜ್ಯವಾಯಿತು. ಅಲ್ಲಿವರೆಗೆ ರಾಣಿಯ ಪ್ರತಿನಿಧಿಯಾಗಿದ್ದ ಸಾಂಡ್ರಾ ಮೇಸನ್ ಅವರೇ ಮೊದಲ ರಾಷ್ಟ್ರಪತಿ. ಪ್ರಧಾನಿ ಮಿಯಾ ಮಾಟ್ಲಿ ಇದ್ದಲ್ಲೇ ಇದ್ದರು. ಸರ್ಕಾರದ ದಿನನಿತ್ಯದ ಕೆಲಸ ನಿಂತ ಜಾಗದಿಂದಲೇ ಮುಂದುವರಿಯಿತು. "ಸಂಸದೀಯ" ಎಂಬುದು ಸರ್ಕಾರ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಹೇಳಿದರೆ, "ಗಣರಾಜ್ಯ" ಎಂಬುದು ದೇಶದ ಮೊದಲ ಕುರ್ಚಿಯಲ್ಲಿ ಯಾರು ಕೂರಬಹುದು ಎಂಬುದನ್ನು ಹೇಳುತ್ತದೆ.

ನಮ್ಮ ಶಾಸಕರ ಒಂದು ಓಟಿಗೆ 131ರ ಬೆಲೆ

ಆ ಮೊದಲ ಕುರ್ಚಿಗೆ ಆಯ್ಕೆ ಮಾಡುವುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸ ಇದೆ. ಐರ್ಲೆಂಡ್ ಮತ್ತು ಆಸ್ಟ್ರಿಯಾದಲ್ಲಿ ಜನರೇ ನೇರವಾಗಿ ಓಟು ಹಾಕುತ್ತಾರೆ. ಜರ್ಮನಿಯಲ್ಲಿ ಸಂಸತ್ತಿನ ಕೆಳಮನೆಯ ಸದಸ್ಯರು ಮತ್ತು ಅಷ್ಟೇ ಸಂಖ್ಯೆಯಲ್ಲಿ ರಾಜ್ಯಗಳು ಕಳಿಸಿದವರು ಒಂದು ಸಭೆ ಸೇರಿ ಆರಿಸುತ್ತಾರೆ. ಇಟಲಿಯಲ್ಲಿ ಎರಡೂ ಸದನಗಳ ಜೊತೆಗೆ ಪ್ರಾಂತ್ಯಗಳ ಪ್ರತಿನಿಧಿಗಳು ಸೇರುತ್ತಾರೆ, ಅವಧಿ ಏಳು ವರ್ಷ.

ಭಾರತದಲ್ಲಿ ಆಯ್ಕೆಯಾದ ಸಂಸದರು ಮತ್ತು ಆಯ್ಕೆಯಾದ ಶಾಸಕರು ಓಟು ಹಾಕುತ್ತಾರೆ. ನಾಮನಿರ್ದೇಶನಗೊಂಡವರಿಗೆ ಓಟು ಇಲ್ಲ. ವಿಧಾನ ಪರಿಷತ್ ಸದಸ್ಯರಿಗೂ ಇಲ್ಲ. ಇಲ್ಲಿ ಎಲ್ಲರ ಓಟಿಗೂ ಒಂದೇ ಬೆಲೆ ಇಲ್ಲ. ರಾಜ್ಯದ 1971ರ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸಾವಿರದಿಂದ ಭಾಗಿಸುತ್ತಾರೆ. ಕರ್ನಾಟಕದ ಜನಸಂಖ್ಯೆ ಆಗ ಸುಮಾರು 2.93 ಕೋಟಿ, ಶಾಸಕರು 224. ಲೆಕ್ಕ ಹಾಕಿದರೆ ಒಬ್ಬ ಶಾಸಕರ ಓಟಿನ ಬೆಲೆ 131. ಉತ್ತರ ಪ್ರದೇಶದವರದ್ದು 208, ಸಿಕ್ಕಿಂನವರದ್ದು 7. ಎಲ್ಲ ಶಾಸಕರ ಒಟ್ಟು ಬೆಲೆಯನ್ನು ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಸಂಸದರ ಓಟಿನ ಬೆಲೆ ಸಿಗುತ್ತದೆ. 2022ರ ಚುನಾವಣೆಯಲ್ಲಿ ಅದು 700 ಇತ್ತು. ಐವತ್ತು ವರ್ಷ ಹಳೆಯ ಜನಗಣತಿ ಯಾಕೆ ಎಂದರೆ, ಜನಸಂಖ್ಯೆ ಹಿಡಿತದಲ್ಲಿಟ್ಟ ರಾಜ್ಯಗಳಿಗೆ ನಷ್ಟ ಆಗಬಾರದೆಂದು ಆ ಅಂಕಿಯನ್ನು ಅಲ್ಲೇ ನಿಲ್ಲಿಸಲಾಗಿದೆ.

ಇಷ್ಟು ಸುತ್ತುಬಳಸು ಯಾಕೆ, ಜನರೇ ನೇರವಾಗಿ ಆರಿಸಬಹುದಿತ್ತಲ್ಲ? ಸಂವಿಧಾನ ಬರೆಯುವಾಗಲೇ ಈ ಚರ್ಚೆ ನಡೆದಿತ್ತು. ಇಡೀ ದೇಶ ಓಟು ಹಾಕಿ ಆರಿಸಿದ ವ್ಯಕ್ತಿ ಸುಮ್ನೆ ಸಹಿ ಹಾಕುತ್ತಾ ಕೂರಲು ಒಪ್ಪುತ್ತಾರಾ? ಪ್ರಧಾನಿಗೆ ಸಮನಾಗಿ ಇನ್ನೊಂದು ಅಧಿಕಾರ ಕೇಂದ್ರ ಬೆಳೆದರೆ? ಈ ಅಳುಕಿನಿಂದಲೇ ನೇರ ಆಯ್ಕೆಯನ್ನು ಕೈಬಿಟ್ಟರು.

ಸಹಿ ಒಬ್ಬರದ್ದು, ತೀರ್ಮಾನ ಇನ್ನೊಬ್ಬರದ್ದು

ಸಂವಿಧಾನವನ್ನು ಮೇಲೆ ಮೇಲೆ ಓದಿದರೆ ರಾಷ್ಟ್ರಪತಿಗಿಂತ ಬಲಶಾಲಿ ಇನ್ನೊಬ್ಬರಿಲ್ಲ ಅನಿಸುತ್ತದೆ. ಕೇಂದ್ರದ ಎಲ್ಲ ಕಾರ್ಯಾಂಗ ಅಧಿಕಾರವೂ ಅವರದ್ದು. ಸೇನೆಯ ಸರ್ವೋಚ್ಚ ದಂಡನಾಯಕರೂ ಅವರೇ. ಆದರೆ 74ನೇ ವಿಧಿಗೆ ಬಂದಾಗ ಚಿತ್ರ ಬದಲಾಗುತ್ತದೆ. ಪ್ರಧಾನಿ ಮತ್ತು ಮಂತ್ರಿಮಂಡಲದ ಸಲಹೆಯಂತೆ ಅವರು ನಡೆಯಬೇಕು. ಮೊದಲು ಇದು ಸಂಪ್ರದಾಯವಾಗಿತ್ತು. 1976ರ 42ನೇ ತಿದ್ದುಪಡಿ ಇದನ್ನು ಕಡ್ಡಾಯ ಮಾಡಿತು. 1978ರ 44ನೇ ತಿದ್ದುಪಡಿ ಸ್ವಲ್ಪ ಸಡಿಲ ಕೊಟ್ಟಿತು: ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು. ಮತ್ತೆ ಅದೇ ಸಲಹೆ ಬಂದರೆ ಒಪ್ಪಲೇಬೇಕು.

ಆ ಒಂದು ಸಲದ ಅವಕಾಶ ಸಣ್ಣದೆಂದು ಕಾಣುತ್ತದೆ. ಬಳಸಿದವರು ಬಳಸಿದ್ದಾರೆ. 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡಬೇಕೆಂದು ಗುಜ್ರಾಲ್ ಸಂಪುಟ ಸಲಹೆ ಕೊಟ್ಟಾಗ ಕೆ.ಆರ್. ನಾರಾಯಣನ್ ವಾಪಸ್ ಕಳಿಸಿದರು. ಸಂಪುಟ ಆ ಯೋಚನೆಯನ್ನೇ ಬಿಟ್ಟಿತು. 2006ರಲ್ಲಿ ಲಾಭದಾಯಕ ಹುದ್ದೆ ಕುರಿತ ಮಸೂದೆಯನ್ನು ಅಬ್ದುಲ್ ಕಲಾಂ ಸಂಸತ್ತಿಗೆ ಹಿಂದಿರುಗಿಸಿದರು. ಸಂಸತ್ತು ಅದನ್ನೇ ಮತ್ತೆ ಪಾಸು ಮಾಡಿತು, ಕಲಾಂ ಸಹಿ ಹಾಕಿದರು. ಜೈಲ್ ಸಿಂಗ್ ಅವರ ದಾರಿಯೇ ಬೇರೆ. 1986ರ ಅಂಚೆ ತಿದ್ದುಪಡಿ ಮಸೂದೆಗೆ ಅವರು ಸಹಿಯನ್ನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಸಂವಿಧಾನದಲ್ಲಿ ಇಷ್ಟು ದಿನದೊಳಗೆ ಎಂಬ ಗಡುವು ಇರಲಿಲ್ಲ. ಮಸೂದೆ ಹಾಗೇ ಕೂತಿತು, ಕಾನೂನು ಆಗಲೇ ಇಲ್ಲ.

ಸಲಹೆ ಎಂದರೆ ಯಾರ ಸಲಹೆ ಎಂಬುದೂ ಮುಖ್ಯ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದ್ದು ಇಂದಿರಾ ಗಾಂಧಿ ಒಬ್ಬರ ಮಾತಿನ ಮೇಲೆ. ಸಂಪುಟ ಸೇರಿದ್ದು ಮರುದಿನ ಬೆಳಿಗ್ಗೆ. ಈಗ ಹಾಗೆ ಮಾಡಲು ಬರುವುದಿಲ್ಲ. ಸಂಪುಟದ ತೀರ್ಮಾನ ಲಿಖಿತವಾಗಿ ಬಂದ ಮೇಲೆಯೇ ತುರ್ತು ಪರಿಸ್ಥಿತಿ ಘೋಷಿಸಬಹುದು ಎಂದು 44ನೇ ತಿದ್ದುಪಡಿ ಸೇರಿಸಿತು.

ಇದೇ ವ್ಯವಸ್ಥೆ ರಾಜ್ಯದಲ್ಲೂ ಇದೆ. ರಾಷ್ಟ್ರಪತಿಯ ಜಾಗದಲ್ಲಿ ರಾಜ್ಯಪಾಲರು, ಪ್ರಧಾನಿಯ ಜಾಗದಲ್ಲಿ ಮುಖ್ಯಮಂತ್ರಿ. ಆದರೆ ಒಂದು ದೊಡ್ಡ ವ್ಯತ್ಯಾಸ ಮರೆಯಬಾರದು. ರಾಜ್ಯಪಾಲರನ್ನು ಯಾರೂ ಚುನಾಯಿಸುವುದಿಲ್ಲ. ಅವರ ನೇಮಕ ಕೇಂದ್ರ ಸರ್ಕಾರದ ಸಲಹೆಯಂತೆ ನಡೆಯುತ್ತದೆ. ರಾಜಭವನದ ಬಾಗಿಲಲ್ಲಿ ಪದೇ ಪದೇ ಜಗಳ ಹತ್ತಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಯಾರಿಗೂ ಬಹುಮತ ಬರದ ದಿನ

ಒಂದೇ ಪಕ್ಷಕ್ಕೆ 300 ಸೀಟು ಬಂದ ದಿನ ರಾಷ್ಟ್ರಪತಿಗೆ ಹೆಚ್ಚೇನೂ ಕೆಲಸ ಇಲ್ಲ. ಯಾರನ್ನು ಕರೆಯಬೇಕು ಎಂಬುದು ಎದುರಿಗೇ ಇರುತ್ತದೆ. ಅತಂತ್ರ ಫಲಿತಾಂಶ ಬಂದಾಗ ಮಾತ್ರ ಅಲಂಕಾರಕ್ಕೆ ಎಂದುಕೊಂಡಿದ್ದ ಕುರ್ಚಿಗೆ ಜೀವ ಬರುತ್ತದೆ. ಆಗ ಸಲಹೆ ಕೊಡಲು ಹೊಸ ಮಂತ್ರಿಮಂಡಲವೇ ಇನ್ನೂ ಹುಟ್ಟಿರುವುದಿಲ್ಲ. ಯಾರನ್ನು ಮೊದಲು ಕರೆಯಬೇಕು ಎಂಬುದನ್ನು ಅವರೇ ತೀರ್ಮಾನಿಸಬೇಕು. ಸಂವಿಧಾನ ಹೇಳುವುದು "ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸತಕ್ಕದ್ದು" ಎಂಬಷ್ಟೇ. ಅತಿ ದೊಡ್ಡ ಪಕ್ಷವನ್ನಾ, ಅತಿ ದೊಡ್ಡ ಮೈತ್ರಿಯನ್ನಾ ಎಂಬುದಕ್ಕೆ ಅಲ್ಲಿ ಉತ್ತರ ಇಲ್ಲ.

1996 ಇದಕ್ಕೆ ಒಳ್ಳೆಯ ಪಾಠ. ಬಿಜೆಪಿ 161 ಸೀಟಿನೊಂದಿಗೆ ಮೊದಲ ಸ್ಥಾನದಲ್ಲಿತ್ತು. ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ವಾಜಪೇಯಿ ಅವರನ್ನು ಕರೆದರು. ಹದಿಮೂರನೇ ದಿನಕ್ಕೆ, ಬೇಕಾದಷ್ಟು ಬೆಂಬಲ ಸಿಗದೆ ಅವರು ರಾಜೀನಾಮೆ ಕೊಟ್ಟರು. ಆಮೇಲೆ ಹಲವು ಪಕ್ಷಗಳ ಕೂಟವಾದ ಸಂಯುಕ್ತ ರಂಗದ ಸರದಿ. ಜೂನ್ 1ರಂದು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ದೇವೇಗೌಡರು ಪ್ರಧಾನಿಯಾದರು. ಅವರ ಪಕ್ಷ ಜನತಾದಳಕ್ಕೆ ಇದ್ದದ್ದು 46 ಸೀಟು. ಅವರು ಅವತ್ತು ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಆರು ತಿಂಗಳ ನಿಯಮ ಇತ್ತಲ್ಲ, ಆ ಅವಧಿಯೊಳಗೆ ರಾಜ್ಯಸಭೆಗೆ ಆಯ್ಕೆಯಾದರು. ಹೊರಗಿನಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ 1997ರ ಮಾರ್ಚ್‌ನಲ್ಲಿ ಅದನ್ನು ಹಿಂತೆಗೆದುಕೊಂಡಿತು. ಏಪ್ರಿಲ್ 11ರಂದು ಗೌಡರು ವಿಶ್ವಾಸಮತದಲ್ಲಿ ಸೋತರು. ಅದೇ ರಂಗದ ಐ.ಕೆ. ಗುಜ್ರಾಲ್ ಪ್ರಧಾನಿಯಾದರು. ಲೋಕಸಭೆ ಅದೇ, ಪ್ರಧಾನಿಗಳು ಮೂವರು. ನಡುವೆ ಸಾರ್ವತ್ರಿಕ ಚುನಾವಣೆ ಇಲ್ಲ.

ಬಹುಮತ ಇದೆಯೋ ಇಲ್ಲವೋ ಎಂದು ಎಲ್ಲಿ ಎಣಿಸಬೇಕು? ಈ ಪ್ರಶ್ನೆಗೆ ದೇಶಕ್ಕೆಲ್ಲ ಉತ್ತರ ಸಿಕ್ಕಿದ್ದು ಕರ್ನಾಟಕದ ಒಂದು ಪ್ರಕರಣದಿಂದ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ಅವರಲ್ಲಿ ಏಳು ಮಂದಿ ಆಮೇಲೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದರು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಕೇಳಿಕೊಂಡರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಸರ್ಕಾರಕ್ಕೆ ಬಹುಮತ ಇದೆಯೇ ಎಂಬುದು ಪರೀಕ್ಷೆಯಾಗಬೇಕಾದ್ದು ಸದನದ ಒಳಗೆ, ರಾಜ್ಯಪಾಲರ ಸ್ವಂತ ಅಂದಾಜಿನಲ್ಲಿ ಅಲ್ಲ.

ಬೊಮ್ಮಾಯಿ ಅವರಿಗೆ ಕುರ್ಚಿ ವಾಪಸ್ ಬರಲಿಲ್ಲ, ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಆದರೆ 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹಿಡಿದದ್ದು ಅದೇ ದಾರಿಯನ್ನು. ರಾಜ್ಯಪಾಲ ವಜುಭಾಯಿ ವಾಲಾ ಬಹುಮತ ತೋರಿಸಲು 15 ದಿನ ಕೊಟ್ಟಿದ್ದರು. ಕೋರ್ಟ್ ಅದನ್ನು ಕಡಿತ ಮಾಡಿ, ಮರುದಿನ ಸಂಜೆ ನಾಲ್ಕಕ್ಕೆ ಸದನದಲ್ಲಿ ಮತಕ್ಕೆ ಹಾಕಿ ಎಂದಿತು. ದಿನ ಜಾಸ್ತಿ ಇದ್ದಷ್ಟೂ ಶಾಸಕರನ್ನು ಎಳೆಯುವ ಅವಕಾಶ ಜಾಸ್ತಿ ಎಂಬುದು ವಾದವಾಗಿತ್ತು. ಬಸ್ಸು ಹತ್ತಿಸಿಕೊಂಡು ರೆಸಾರ್ಟಿಗೆ ಹೋಗುವ ದೃಶ್ಯ ನಮಗೇನು ಹೊಸದಲ್ಲ.

ಒಂದು ಓಟಿಗೆ ಬಿದ್ದ ಸರ್ಕಾರ

ಸಂವಿಧಾನದಲ್ಲಿ "ಅವಿಶ್ವಾಸ ನಿರ್ಣಯ" ಎಂದು ಹುಡುಕಿದರೆ ಕೇಂದ್ರ, ರಾಜ್ಯ ಸರ್ಕಾರಗಳ ಬಗ್ಗೆ ಆ ಹೆಸರು ಸಿಗುವುದಿಲ್ಲ. 75ನೇ ವಿಧಿಯಲ್ಲಿ ಇರುವುದು ಒಂದು ಸಾಲು: ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ. ಉಳಿದದ್ದು ಸದನದ ನಿಯಮಗಳಲ್ಲಿದೆ. ಲೋಕಸಭೆಯಲ್ಲಿ 50 ಸದಸ್ಯರು ಬೆಂಬಲಿಸಿದರೆ ಅವಿಶ್ವಾಸ ನಿರ್ಣಯ ಚರ್ಚೆಗೆ ಬರುತ್ತದೆ. ಅದು ಪಾಸಾದರೆ ಪ್ರಧಾನಿ ಜೊತೆ ಇಡೀ ಮಂತ್ರಿಮಂಡಲ ಹೋಗಬೇಕು. ರಾಜ್ಯಸಭೆಗೆ ಈ ಅಧಿಕಾರ ಇಲ್ಲ. ಇಟಲಿಯಲ್ಲಿ ಎರಡೂ ಸದನಗಳ ವಿಶ್ವಾಸ ಬೇಕು. 1946ರಿಂದ ಈಚೆಗೆ ಅಲ್ಲಿ ಅರವತ್ತಕ್ಕೂ ಹೆಚ್ಚು ಸರ್ಕಾರಗಳು ಬಂದುಹೋಗಿರುವುದಕ್ಕೆ ಅದೂ ಒಂದು ಕಾರಣ.

ಎರಡು ಹೆಸರುಗಳನ್ನು ಕಲಸಿಕೊಳ್ಳಬಾರದು. ವಿರೋಧ ಪಕ್ಷ ತರುವುದು ಅವಿಶ್ವಾಸ ನಿರ್ಣಯ. "ನನಗೆ ಬಹುಮತ ಇದೆ, ನೋಡಿ" ಎಂದು ಸರ್ಕಾರವೇ ಕೇಳುವುದು ವಿಶ್ವಾಸಮತ. ಲೋಕಸಭೆಯಲ್ಲಿ ಮೊದಲ ಅವಿಶ್ವಾಸ ನಿರ್ಣಯ ತಂದದ್ದು 1963ರಲ್ಲಿ ಜೆ.ಬಿ. ಕೃಪಲಾನಿ, ನೆಹರು ಸರ್ಕಾರದ ವಿರುದ್ಧ. ಅಲ್ಲಿಂದೀಚೆಗೆ ಎಷ್ಟೋ ಬಂದಿವೆ. ಸ್ವಾರಸ್ಯ ಏನೆಂದರೆ, ಲೋಕಸಭೆಯಲ್ಲಿ ಮತಕ್ಕೆ ಬಿದ್ದು ಗೆದ್ದ ಅವಿಶ್ವಾಸ ನಿರ್ಣಯ ಒಂದೂ ಇಲ್ಲ. 1979ರಲ್ಲಿ ಮೊರಾರ್ಜಿ ದೇಸಾಯಿ ಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು. ವಿ.ಪಿ. ಸಿಂಗ್, ದೇವೇಗೌಡ, ವಾಜಪೇಯಿ ಬಿದ್ದದ್ದು ತಾವೇ ಕೇಳಿದ ವಿಶ್ವಾಸಮತದಲ್ಲಿ.

1999ರ ಏಪ್ರಿಲ್ 17 ಅವುಗಳಲ್ಲೆಲ್ಲ ಎದ್ದು ಕಾಣುವ ದಿನ. ಅಣ್ಣಾಡಿಎಂಕೆ ಬೆಂಬಲ ಹಿಂತೆಗೆದುಕೊಂಡ ಮೇಲೆ ವಾಜಪೇಯಿ ವಿಶ್ವಾಸಮತ ಕೇಳಿದರು. ಪರ 269, ವಿರೋಧ 270. ಒರಿಸ್ಸಾದ ಮುಖ್ಯಮಂತ್ರಿಯಾಗಿದ್ದರೂ ಸಂಸತ್ ಸದಸ್ಯತ್ವ ಇನ್ನೂ ಬಿಟ್ಟಿರದ ಗಿರಿಧರ್ ಗಮಾಂಗ್ ಅವತ್ತು ಬಂದು ಓಟು ಹಾಕಿದ್ದು ಇವತ್ತಿಗೂ ಚರ್ಚೆಯ ವಿಷಯ. ಬೇರೆ ಯಾರಿಗೂ ಬಹುಮತ ಕೂಡಿಸಲಾಗಲಿಲ್ಲ. ಲೋಕಸಭೆ ವಿಸರ್ಜನೆಯಾಯಿತು.

ಆದರೆ ದೇಶ ಸರ್ಕಾರ ಇಲ್ಲದೆ ಇರುವಂತಿಲ್ಲ. ಹೊಸ ಸರ್ಕಾರ ಬರುವವರೆಗೆ ಸೋತವರೇ ಹಂಗಾಮಿಯಾಗಿ ಮುಂದುವರಿಯುತ್ತಾರೆ. ಆ ಹೊತ್ತಿನಲ್ಲಿ ದೊಡ್ಡ ನೀತಿಗಳ ತೀರ್ಮಾನ ಮಾಡಬಾರದು ಎಂಬುದು ವಾಡಿಕೆ. 1999ರ ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ನಡೆದದ್ದು ಇಂಥ ಹಂಗಾಮಿ ಸರ್ಕಾರದ ಕಾಲದಲ್ಲೇ.

ವಿಪ್, ಪಕ್ಷಾಂತರ, ಖಾಲಿ ಕುರ್ಚಿ

ಸದಸ್ಯರು ಯಾವಾಗ ಬೇಕಾದರೂ ಸರ್ಕಾರ ಬೀಳಿಸಬಹುದು ಎಂದಾದರೆ ಸದಸ್ಯರನ್ನೇ ಕೊಂಡುಕೊಳ್ಳುವ ಆಸೆಯೂ ಹುಟ್ಟುತ್ತದೆ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ಪಕ್ಷ ಬದಲಿಸಿದರು. "ಆಯಾರಾಂ ಗಯಾರಾಂ" ಎಂಬ ಮಾತು ಬಂದದ್ದೇ ಅಲ್ಲಿಂದ. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಇದೇ ಪಕ್ಷಾಂತರ ನಿಷೇಧ ಕಾಯ್ದೆ. ತಾನು ಗೆದ್ದ ಪಕ್ಷವನ್ನು ಸ್ವಂತ ಇಚ್ಛೆಯಿಂದ ಬಿಟ್ಟರೆ ಸದಸ್ಯತ್ವ ಹೋಗುತ್ತದೆ. ಪಕ್ಷ ಹೊರಡಿಸಿದ ವಿಪ್, ಅಂದರೆ ಹೀಗೇ ಓಟು ಹಾಕಿ ಎಂಬ ಆದೇಶ, ಮೀರಿ ಓಟು ಹಾಕಿದರೂ, ಓಟಿನ ಹೊತ್ತಿಗೆ ತಪ್ಪಿಸಿಕೊಂಡರೂ ಅದೇ ಗತಿ. ತೀರ್ಮಾನ ಸ್ಪೀಕರ್ ಕೈಯಲ್ಲಿ.

ರಾಷ್ಟ್ರಪತಿ ಚುನಾವಣೆಗೆ ವಿಪ್ ಅನ್ವಯಿಸುವುದಿಲ್ಲ. 1969ರಲ್ಲಿ ಇಂದಿರಾ ಗಾಂಧಿ "ಆತ್ಮಸಾಕ್ಷಿಯ ಮತ" ಎಂದು ಕರೆ ಕೊಟ್ಟು, ತಮ್ಮದೇ ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಅವರ ಎದುರು ವಿ.ವಿ. ಗಿರಿ ಗೆಲ್ಲುವಂತೆ ಮಾಡಿದ್ದರು.

ಕಾನೂನು ಬಂದಮೇಲೆ ಅದರ ಪಕ್ಕದಲ್ಲೇ ದಾರಿಯೂ ಬಿತ್ತು. ಪಕ್ಷಾಂತರ ಮಾಡಿದರೆ ತಾನೇ ತೊಂದರೆ? ರಾಜೀನಾಮೆ ಕೊಟ್ಟರೆ? ಇಲ್ಲಿ ಒಂದು ಲೆಕ್ಕ ಗಮನಿಸಬೇಕು. ವಿಶ್ವಾಸಮತದಲ್ಲಿ ಎಣಿಸುವುದು ಹಾಜರಿದ್ದು ಓಟು ಹಾಕಿದವರನ್ನು. ಕುರ್ಚಿಗಳು ಖಾಲಿಯಾದಷ್ಟೂ ಗೆಲ್ಲಲು ಬೇಕಾದ ಸಂಖ್ಯೆ ಇಳಿಯುತ್ತದೆ. 2019ರ ಜುಲೈನಲ್ಲಿ ಕರ್ನಾಟಕದಲ್ಲಿ ಆದದ್ದು ಇದೇ. ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಶಾಸಕರು ರಾಜೀನಾಮೆ ಪತ್ರ ಕೊಟ್ಟು ಮುಂಬೈಯಲ್ಲಿ ಉಳಿದರು. ಜುಲೈ 23ರಂದು ಮತ ಬಿದ್ದಾಗ ಕುಮಾರಸ್ವಾಮಿ ಸರ್ಕಾರದ ಪರ 99, ವಿರೋಧ 105. ಸ್ಪೀಕರ್ ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿದರು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಒಪ್ಪಿತು, ಸ್ಪರ್ಧಿಸಬಾರದು ಎಂಬುದನ್ನು ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು.

ಈ ಕಾಯ್ದೆಯ ಬಗ್ಗೆ ಇನ್ನೊಂದು ದೂರೂ ಇದೆ. ಸರ್ಕಾರವನ್ನು ಪ್ರಶ್ನಿಸಬೇಕಾದ ಸದಸ್ಯರಿಗೆ ತಮ್ಮದೇ ಪಕ್ಷದ ಮಸೂದೆಯ ವಿರುದ್ಧ ಓಟು ಹಾಕುವ ಸ್ವಾತಂತ್ರ್ಯ ಉಳಿದಿಲ್ಲ ಎಂಬುದು. ಬ್ರಿಟನ್‌ನಲ್ಲಿ ವಿಪ್ ಮೀರಿದವರನ್ನು ಪಕ್ಷ ಹೊರಗೆ ಹಾಕಬಹುದು, ಆದರೆ ಸದಸ್ಯತ್ವ ಹೋಗುವುದಿಲ್ಲ.

ಬೀಳಿಸುವ ಮೊದಲು ಮುಂದಿನವರ ಹೆಸರು ಹೇಳಿ

ಸರ್ಕಾರ ಪದೇ ಪದೇ ಬೀಳುವ ಕಾಯಿಲೆಗೆ ಜರ್ಮನಿ ಬೇರೆ ಮದ್ದು ಹುಡುಕಿತು. ಮೊದಲ ಮಹಾಯುದ್ಧದ ನಂತರದ ಗಣರಾಜ್ಯದಲ್ಲಿ ಎಡದವರೂ ಬಲದವರೂ ಸೇರಿ ಸರ್ಕಾರ ಬೀಳಿಸುತ್ತಿದ್ದರು, ಆದರೆ ಇನ್ನೊಂದನ್ನು ಕಟ್ಟಲು ಒಟ್ಟಾಗುತ್ತಿರಲಿಲ್ಲ. ಆ ಅಸ್ಥಿರತೆಯ ಕೊನೆಯಲ್ಲಿ 1933ರಲ್ಲಿ ಹಿಟ್ಲರ್ ಬಂದ. ಹಾಗಾಗಿ 1949ರ ಸಂವಿಧಾನದಲ್ಲಿ ಒಂದು ಷರತ್ತು ಹಾಕಿದರು. ಅಲ್ಲಿನ ಸರ್ಕಾರದ ಮುಖ್ಯಸ್ಥರನ್ನು ಚಾನ್ಸಲರ್ ಎನ್ನುತ್ತಾರೆ. ಚಾನ್ಸಲರ್‌ ಅನ್ನು ಇಳಿಸಬೇಕೆಂದರೆ ಅದೇ ಮತದಲ್ಲಿ ಹೊಸ ಚಾನ್ಸಲರ್‌ ಅನ್ನು ಬಹುಮತದಿಂದ ಆರಿಸಬೇಕು. ಸಿಟ್ಟಿಗೆ ಬೀಳಿಸಿ ಕೈತೊಳೆದುಕೊಳ್ಳುವಂತಿಲ್ಲ.

1972ರಲ್ಲಿ ವಿಲಿ ಬ್ರಾಂಟ್ ಅವರನ್ನು ಇಳಿಸುವ ಯತ್ನ ಎರಡು ಓಟಿಗೆ ಸೋತಿತು. 1982ರ ಅಕ್ಟೋಬರ್ 1ರಂದು ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದರು. ರಾಷ್ಟ್ರಮಟ್ಟದಲ್ಲಿ ಈ ದಾರಿ ಗೆದ್ದದ್ದು ಆ ಒಂದು ಸಲ. 2024ರ ಡಿಸೆಂಬರ್ 16ರಂದು ಓಲಾಫ್ ಶೋಲ್ಟ್ಸ್ ವಿಶ್ವಾಸಮತ ಕೇಳಿ 207–394ರಲ್ಲಿ ಸೋತರು. ಅದು ಬೇಕೆಂದೇ ಸೋತದ್ದು. ಮೈತ್ರಿ ಮುರಿದಿತ್ತು, ಬೇಗ ಚುನಾವಣೆ ಬೇಕಿತ್ತು. ಚಾನ್ಸಲರ್‌ ತಾವಾಗಿ ಸಂಸತ್ತು ವಿಸರ್ಜಿಸುವಂತಿಲ್ಲ. ವಿಶ್ವಾಸಮತದಲ್ಲಿ ಸೋತು ರಾಷ್ಟ್ರಪತಿಯನ್ನು ಕೇಳಬೇಕು. ಫೆಬ್ರವರಿಯಲ್ಲಿ ಚುನಾವಣೆ ಆಯಿತು. ಮೇ 6ರಂದು ಫ್ರೆಡ್ರಿಕ್ ಮೆರ್ಟ್ಸ್‌ಗೆ 316 ಓಟು ಬೇಕಿತ್ತು. ಮೊದಲ ಸುತ್ತಿನಲ್ಲಿ 310 ಬಂದು ಎಲ್ಲರೂ ಬೆಚ್ಚಿದರು. ಅದೇ ದಿನ ಎರಡನೇ ಸುತ್ತಿನಲ್ಲಿ 325 ಬಂತು. ಅಲ್ಲಿ ಗುಪ್ತ ಮತದಾನ, ತಮ್ಮವರಲ್ಲೇ ಯಾರು ಕೈಕೊಟ್ಟರೆಂದು ಗೊತ್ತಾಗುವುದಿಲ್ಲ.

ನಮ್ಮ ಕಾನೂನು ಆಯೋಗವೂ 1999ರ ವರದಿಯಲ್ಲಿ ಇಂಥದ್ದೇ ನಿಯಮ ಇರಲಿ ಎಂದಿತ್ತು. ಜಾರಿಗೆ ಬರಲಿಲ್ಲ.

ಐದು ವರ್ಷ ಗ್ಯಾರಂಟಿ ಇಲ್ಲದ ಮನೆಗೆ ಒಂದೇ ದಿನದ ಚುನಾವಣೆ

"ಒಂದು ದೇಶ, ಒಂದು ಚುನಾವಣೆ" ಚರ್ಚೆ ಯಾಕೆ ಇಷ್ಟು ಜಟಿಲ ಎಂಬುದು ಈಗ ತಿಳಿಯಬಹುದು. 1951–52ರಿಂದ 1967ರವರೆಗೆ ಲೋಕಸಭೆಗೂ ಬಹುತೇಕ ವಿಧಾನಸಭೆಗಳಿಗೂ ಒಟ್ಟಿಗೆ ಚುನಾವಣೆ ನಡೆಯುತ್ತಿತ್ತು. ಆಮೇಲೆ ಕೆಲವು ರಾಜ್ಯಗಳಲ್ಲಿ ಸರ್ಕಾರಗಳು ಅರ್ಧಕ್ಕೇ ಬಿದ್ದವು. 1970ರ ಕೊನೆಗೆ ಲೋಕಸಭೆಯೂ ಅವಧಿಗೆ ಮೊದಲೇ ವಿಸರ್ಜನೆಯಾಯಿತು. ಹೊಂದಾಣಿಕೆ ತಪ್ಪಿತು. ಸದನದ ಐದು ವರ್ಷ ಎಂಬುದು ಗರಿಷ್ಠ ಮಿತಿ. ಅಷ್ಟು ದಿನ ನಡೆದೇ ನಡೆಯುತ್ತದೆ ಎಂಬ ಭರವಸೆ ಈ ಪದ್ಧತಿಯಲ್ಲಿಲ್ಲ.

2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಮಂಡನೆಯಾದ 129ನೇ ತಿದ್ದುಪಡಿ ಮಸೂದೆ ಇದಕ್ಕೊಂದು ದಾರಿ ಹೇಳುತ್ತದೆ. ಸದನ ಮೂರೂವರೆ ವರ್ಷಕ್ಕೆ ವಿಸರ್ಜನೆಯಾಯಿತು ಎಂದುಕೊಳ್ಳಿ. ಮತ್ತೆ ಚುನಾವಣೆ ನಡೆಯುತ್ತದೆ, ಆದರೆ ಹೊಸ ಸದನಕ್ಕೆ ಸಿಗುವುದು ಉಳಿದ ಒಂದೂವರೆ ವರ್ಷ ಮಾತ್ರ. ಖರ್ಚು ಉಳಿಯುತ್ತದೆ, ನೀತಿಸಂಹಿತೆಯಿಂದ ಕೆಲಸ ನಿಲ್ಲುವುದು ತಪ್ಪುತ್ತದೆ ಎನ್ನುವವರು ಇದ್ದಾರೆ. ಒಂದೂವರೆ ವರ್ಷಕ್ಕೆ ಯಾಕೆ ಓಟು ಹಾಕಬೇಕು, ರಾಜ್ಯದ ವಿಷಯಗಳು ದೆಹಲಿಯ ಗದ್ದಲದಲ್ಲಿ ಮುಳುಗುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ.

ಮಸೂದೆ ಮಂಡನೆಗೆ ಅವತ್ತು ಬಿದ್ದ ಮತ ಪರ 269, ವಿರೋಧ 198. ಮಂಡಿಸಲು ಸಾಮಾನ್ಯ ಬಹುಮತ ಸಾಕು, ಹಾಗಾಗಿ ಅದು ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಸಂವಿಧಾನ ತಿದ್ದುಪಡಿ ಪಾಸಾಗಲು ಎರಡೂ ಸದನಗಳಲ್ಲಿ ಓಟು ಹಾಕಿದವರ ಮೂರನೇ ಎರಡರಷ್ಟು ಬೇಕು. ಅವತ್ತು ಓಟು ಹಾಕಿದ್ದು 467 ಮಂದಿ. ಅಷ್ಟೇ ಜನ ಓಟು ಹಾಕಿದರೆ ಬೇಕಾಗುವುದು 312.